ಎಕ್ಸ್-ಮೆನ್ ಹಳೇ ಕಾಮಿಕ್ಸ್ ಓದಬಹುದಾ? ಎಲ್ಲಿ ಶುರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು

ಸಿನಿಮಾ ನೋಡಿದವರು ಕೇಳುತ್ತಾರೆ, ಟಿವಿಯಲ್ಲಿ ಕಾರ್ಟೂನ್ ನೋಡಿ ಬೆಳೆದವರು ಕೇಳುತ್ತಾರೆ, ಮಕ್ಕಳಿಗೆ ಪುಸ್ತಕ ಹುಡುಕುವ ಅಪ್ಪ ಅಮ್ಮಂದಿರೂ ಕೇಳುತ್ತಾರೆ: ಎಕ್ಸ್-ಮೆನ್ ಹಳೇ ಕಾಮಿಕ್ಸ್ ಅಷ್ಟು ಚೆನ್ನಾಗಿದೆ ಅಂತಾರಲ್ಲ, ಈಗ ಓದಿದರೂ ಹಿಡಿಸುತ್ತದಾ? ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಗಿದೆ. ಎಲ್ಲವನ್ನೂ ಇಲ್ಲೇ ಒಂದು ಕಡೆ ಬರೆದಿಡುತ್ತೇನೆ.

ಮೊದಲು ಉತ್ತರ ಹೇಳಿಬಿಡೋಣ. ಓದಿ, ಆದರೆ ಪೂರ್ತಿ ಓದಬೇಡಿ. ಅಮೆರಿಕದ ಮಾರ್ವೆಲ್ ಕಂಪನಿ 1963ರಲ್ಲಿ ಶುರು ಮಾಡಿದ ಈ ಸೂಪರ್‌ಹೀರೋ ಸರಣಿಯಲ್ಲಿ ಬಿಡಲೇಬಾರದ ಭಾಗ ಅಂದರೆ 1975ರಿಂದ 1981ರವರೆಗಿನ 51 ಸಂಚಿಕೆಗಳು (ಒಂದು ವಿಶೇಷ ಸಂಚಿಕೆ, ಆಮೇಲೆ 94ರಿಂದ 143). ಒಂದಕ್ಕೆ 25 ನಿಮಿಷ ಅಂತ ಇಟ್ಟುಕೊಂಡರೂ ಒಟ್ಟು 21 ಗಂಟೆ. ಒಂದು ದಪ್ಪ ಕಾದಂಬರಿಗೆ ಇಷ್ಟು ಸಮಯ ಕೊಡುತ್ತೇವೆ, ಅಲ್ವಾ?

ಇನ್ನೊಂದು ಮಾತು ಮೊದಲೇ ತಲೆಯಲ್ಲಿರಲಿ. ಇದು ಸಿನಿಮಾ ಅಲ್ಲ, ಧಾರಾವಾಹಿ. ವಾರಪತ್ರಿಕೆಯಲ್ಲಿ ಧಾರಾವಾಹಿ ಓದಿದವರಿಗೆ ಈ ರುಚಿ ಗೊತ್ತು. ಈ ವಾರ ಯಾರೋ ಬಾಗಿಲು ತಟ್ಟುತ್ತಾರೆ, ಬಂದವರು ಯಾರು ಅಂತ ಗೊತ್ತಾಗುವುದು ಮುಂದಿನ ವಾರ. ಎಕ್ಸ್-ಮೆನ್ ಬರೆದ ಕ್ರಿಸ್ ಕ್ಲೇರ್‌ಮಾಂಟ್ ಇದೇ ಜಾತಿಯ ಬರಹಗಾರ. 1975ರಲ್ಲಿ ಹಿಡಿದ ಕೆಲಸವನ್ನು 1991ರವರೆಗೆ ಬಿಡಲಿಲ್ಲ. ಒಂದು ಪಾತ್ರದ ಬಾಯಲ್ಲಿ ಸುಮ್ನೆ ಒಂದು ಮಾತು ಬಿಟ್ಟು, ಇಪ್ಪತ್ತು ಸಂಚಿಕೆ ಆದಮೇಲೆ ಅದನ್ನು ಎತ್ತಿಕೊಳ್ಳುತ್ತಾನೆ. ಇಂಥದ್ದನ್ನು ಒಂದೇ ಪಟ್ಟಿಗೆ ಕೂತು ಮುಗಿಸಲು ಹೋದರೆ ತಲೆ ಕೆಡುತ್ತದೆ. ದಿನಕ್ಕೆ ಎರಡು, ಹೆಚ್ಚೆಂದರೆ ಮೂರು ಸಂಚಿಕೆ ಓದಿ.

ಮೊದಲು ನಾಲ್ಕು ಪದ

ಮ್ಯೂಟೆಂಟ್: ಹುಟ್ಟಿನಿಂದಲೇ ಮೈಯಲ್ಲಿ ಏನೋ ಒಂದು ಬೇರೆ ಶಕ್ತಿ ಇರುವ ಮನುಷ್ಯ. ಸಾಮಾನ್ಯವಾಗಿ ಅದು ಹರೆಯಕ್ಕೆ ಬಂದಾಗ ಹೊರಗೆ ಬರುತ್ತದೆ. ಅಪಘಾತವಾಗಿ ಶಕ್ತಿ ಬಂದ ಹೀರೋಗಳನ್ನು ಊರು ಮೆಚ್ಚಿದರೆ, ಹೀಗೆ ಹುಟ್ಟಿದವರನ್ನು ಊರು ಹೆದರಿ ದ್ವೇಷಿಸುತ್ತದೆ. ಇಡೀ ಸರಣಿ ನಿಂತಿರುವುದು ಇದರ ಮೇಲೆ.

ಪೆನ್ಸಿಲರ್, ಇಂಕರ್: ಚಿತ್ರವನ್ನು ಪೆನ್ಸಿಲಿನಲ್ಲಿ ಬರೆಯುವವನು ಒಬ್ಬ, ಅದರ ಮೇಲೆ ಶಾಯಿಯಲ್ಲಿ ತಿದ್ದುವವನು ಇನ್ನೊಬ್ಬ. ನಾವು ಓದಬೇಕಾದ ಭಾಗದಲ್ಲಿ ಒಳ್ಳೆಯ ಜೋಡಿ ಎಂದರೆ ಜಾನ್ ಬರ್ನ್ ಮತ್ತು ಟೆರ್ರಿ ಆಸ್ಟಿನ್.

ಕವರ್ ತಿಂಗಳು: ಮುಖಪುಟದ ಮೇಲೆ ಅಚ್ಚಾಗಿರುವ ತಿಂಗಳು. ಪುಸ್ತಕ ಅಂಗಡಿಗೆ ಬರುತ್ತಿದ್ದದ್ದು ಅದಕ್ಕೂ ಎರಡು ಮೂರು ತಿಂಗಳು ಮುಂಚೆ. ಎರಡು ಕಡೆ ಬೇರೆ ಬೇರೆ ತಾರೀಖು ಕಂಡರೆ ಗಾಬರಿ ಬೇಡ.

ಕ್ರಾಸ್‌ಓವರ್: ಒಂದೇ ಕಥೆಯನ್ನು ಮೂರು ನಾಲ್ಕು ಬೇರೆ ಬೇರೆ ಪುಸ್ತಕಗಳಿಗೆ ಹಂಚುವುದು. ಪೂರ್ತಿ ಕಥೆ ಬೇಕಾದರೆ ಎಲ್ಲವನ್ನೂ ಕೊಳ್ಳಬೇಕು. ವ್ಯಾಪಾರಕ್ಕೆ ಒಳ್ಳೆಯದು, ಓದುಗನಿಗೆ ತಲೆನೋವು.

1. ಯಾವ ರೂಪದಲ್ಲಿ ಓದುತ್ತೀರಿ ಅಂತ ತೀರ್ಮಾನಿಸಿ

ಹಳೇ ಬಿಡಿ ಸಂಚಿಕೆಗಳ ಆಸೆ ಬಿಡಿ. ಅವು ಈಗ ಓದುವ ವಸ್ತುವಲ್ಲ, ಗಾಜಿನ ಪೆಟ್ಟಿಗೆಯಲ್ಲಿ ಇಡುವ ವಸ್ತು. ಉಳಿದ ದಾರಿ ನಾಲ್ಕು.

ಸುಲಭದ ದಾರಿ ಎಪಿಕ್ ಕಲೆಕ್ಷನ್ ಅನ್ನುವ ಬಣ್ಣದ ಪೇಪರ್‌ಬ್ಯಾಕ್‌ಗಳು. ನಿಮಗೆ ಬೇಕಾದದ್ದು ಮೂರೇ ಮೂರು: 'ಸೆಕೆಂಡ್ ಜೆನೆಸಿಸ್', 'ಪ್ರೋಟಿಯಸ್', 'ದ ಫೇಟ್ ಆಫ್ ದ ಫೀನಿಕ್ಸ್'. ಇವುಗಳ ಮೇಲೆ 5, 6, 7 ಅಂತ ನಂಬರ್ ಇರುತ್ತದೆ. ಅಯ್ಯೋ ಮೊದಲ ನಾಲ್ಕು ಬಿಟ್ಟುಹೋಯಿತಲ್ಲ ಅಂತ ಅವನ್ನೂ ತರಿಸಬೇಡಿ. ಅವು 1975ಕ್ಕೂ ಮುಂಚಿನ ಕಥೆಗಳು, ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಎರಡನೆಯದು ಆಮ್ನಿಬಸ್. ಎರಡು ಕೈಯಲ್ಲಿ ಹಿಡಿಯಬೇಕಾದ, ಮಲಗಿ ಓದಿದರೆ ಎದೆ ಮೇಲೆ ಒರಳುಕಲ್ಲು ಇಟ್ಟಹಾಗೆ ಅನಿಸುವ ಗಟ್ಟಿ ರಟ್ಟಿನ ಪುಸ್ತಕ. ನೋಡಲು ಚೆಂದ. ಆದರೆ ಒಂದು ಎಚ್ಚರಿಕೆ: ಮೊದಲ ಸಂಪುಟ 131ನೇ ಸಂಚಿಕೆಗೆ ಮುಗಿಯುತ್ತದೆ. ಅಂದರೆ ಸರಣಿಯ ಅತಿ ದೊಡ್ಡ ಕಥೆಯ ನಟ್ಟನಡುವೆ. ನಾನು ಹಿಂಬದಿ ನೋಡದೆ ಕೊಂಡು, ಎರಡನೇ ಸಂಪುಟ ಸಿಗುವವರೆಗೆ ಚಡಪಡಿಸಿದ್ದೇನೆ. ಕೊಳ್ಳುವುದಾದರೆ ಎರಡನ್ನೂ ಒಟ್ಟಿಗೆ ಕೊಳ್ಳಿ.

ಮೂರನೆಯದು ಎಸೆನ್ಷಿಯಲ್ ಅನ್ನುವ ಕಪ್ಪುಬಿಳುಪು ಪುಸ್ತಕಗಳು. ಸಾಧಾರಣ ಕಾಗದ, ಬಣ್ಣ ಇಲ್ಲ, ಆದರೆ ಎರಡೇ ಸಂಪುಟದಲ್ಲಿ ನಮಗೆ ಬೇಕಾದ 51ಕ್ಕೆ 51 ಸಿಗುತ್ತವೆ. ಬೆಂಗಳೂರಿನಲ್ಲಿದ್ದರೆ ಚರ್ಚ್ ಸ್ಟ್ರೀಟಿನ ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ಕಣ್ಣಾಡಿಸಿ. ಆಸ್ಟಿನ್ ಶಾಯಿಯ ಗೆರೆಗಳು ಎಷ್ಟು ಸಣ್ಣ, ಎಷ್ಟು ಚೊಕ್ಕ ಅನ್ನುವುದು ಬಣ್ಣವಿಲ್ಲದಾಗಲೇ ಚೆನ್ನಾಗಿ ಕಾಣುತ್ತದೆ.

ನಾಲ್ಕನೆಯದು ಮಾರ್ವೆಲ್ ಅನ್‌ಲಿಮಿಟೆಡ್ ಅನ್ನುವ ಚಂದಾ ಆ್ಯಪ್. ಫೋನಿನಲ್ಲಿ ಬೇಡ, ಟ್ಯಾಬ್ಲೆಟ್‌ನಲ್ಲಿ ಓದಿ. ಅಕ್ಷರ ಜಾಸ್ತಿ ಇರುವ ಕಾಮಿಕ್ಸ್ ಇದು, ಫೋನಿನಲ್ಲಿ ಓದಿದರೆ ಕಣ್ಣಿಗೆ ಶಿಕ್ಷೆ. ಇಲ್ಲೊಂದು ಗುಂಡಿ ಇದೆ. 142ನೇ ಸಂಚಿಕೆಯಿಂದ ಸರಣಿಯ ಅಧಿಕೃತ ಹೆಸರು 'ಎಕ್ಸ್-ಮೆನ್' ಇದ್ದದ್ದು 'ಅನ್‌ಕ್ಯಾನಿ ಎಕ್ಸ್-ಮೆನ್' ಆಯಿತು. ಹುಡುಕುವಾಗ ಒಂದು ಹೆಸರಿನಲ್ಲಿ ಸಿಗದಿದ್ದರೆ ಇನ್ನೊಂದರಲ್ಲಿ ನೋಡಿ. ಹಾಗೆಯೇ 'ಎಕ್ಸ್-ಮೆನ್ 1' ಅಂತ ಹುಡುಕಿದರೆ 1963ರದ್ದೂ ಬರುತ್ತದೆ, 1991ರದ್ದೂ ಬರುತ್ತದೆ, ಆಮೇಲಿನವೂ ಬರುತ್ತವೆ. ವರ್ಷ ನೋಡದೆ ಬಟನ್ ಒತ್ತಬೇಡಿ.

2. 1963ಕ್ಕೆ ಹೋಗಬೇಡಿ

ಮೊದಲಿನಿಂದ ಓದಿದರೆ ತಾನೆ ಅರ್ಥವಾಗುವುದು? ನಾವು ಹಾಗೇ ಯೋಚಿಸುತ್ತೇವೆ. ಎಕ್ಸ್-ಮೆನ್ ಬಿಡುವವರಲ್ಲಿ ಹೆಚ್ಚಿನವರು ಬಿಡುವುದೂ ಇದೇ ಕಾರಣಕ್ಕೆ.

ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ 1963ರಲ್ಲಿ ಶುರು ಮಾಡಿದಾಗ ತಂಡದಲ್ಲಿ ಐವರಿದ್ದರು: ಸೈಕ್ಲಾಪ್ಸ್, ಮಾರ್ವೆಲ್ ಗರ್ಲ್ ಅನ್ನುವ ಜೀನ್ ಗ್ರೇ, ಬೀಸ್ಟ್, ಏಂಜೆಲ್, ಐಸ್‌ಮ್ಯಾನ್. ಗಾಲಿಕುರ್ಚಿಯ ಪ್ರೊಫೆಸರ್ ಝೇವಿಯರ್ ಅವರಿಗೆ ಮೇಷ್ಟ್ರು. ಮ್ಯಾಗ್ನೀಟೊ ಮೊದಲ ಸಂಚಿಕೆಯಲ್ಲೇ ಬರುತ್ತಾನೆ, ಆದರೆ ಬರೀ ಗುಡುಗುವ ಖಳನಾಗಿ. ಐಡಿಯಾ ದೊಡ್ಡದು, ಕಥೆ ಸಣ್ಣದು. ಮೂರನೇ ಸಂಚಿಕೆಯಲ್ಲಿ ಮೇಷ್ಟ್ರು ತನ್ನ ವಿದ್ಯಾರ್ಥಿನಿ ಜೀನ್ ಮೇಲೆ ತನಗೆ ಪ್ರೀತಿ ಅಂತ ಮನಸ್ಸಿನಲ್ಲೇ ಅಂದುಕೊಳ್ಳುತ್ತಾರೆ. ಓದಿದರೆ ಇರಿಸುಮುರಿಸಾಗುತ್ತದೆ. ಪುಣ್ಯಕ್ಕೆ ಬರೆದವರೂ ಆ ಎಳೆಯನ್ನು ಅಲ್ಲೇ ಬಿಟ್ಟರು.

ಮಾರಾಟ ಸಾಲದೆ 1970ರಲ್ಲಿ 66ನೇ ಸಂಚಿಕೆಗೆ ಹೊಸ ಕಥೆ ನಿಂತಿತು. 67ರಿಂದ 93ರವರೆಗೆ ಹಳೆಯವನ್ನೇ ಮತ್ತೆ ಅಚ್ಚು ಹಾಕಿದರು. ಹಾಗಾಗಿ 'ಎಲ್ಲ ನಂಬರೂ ಬೇಕು' ಅಂತ ಹಠ ಹಿಡಿದರೂ ಅಲ್ಲಿ ಓದಲು ಹೊಸದೇನೂ ಇಲ್ಲ.

ಕುತೂಹಲ ತಡೆಯದಿದ್ದರೆ 57ರಿಂದ 59 ಮಾತ್ರ ಓದಿ. 1969ರ ಈ ಮೂರು ಸಂಚಿಕೆಗಳಲ್ಲಿ ನೀಲ್ ಆಡಮ್ಸ್ ಬರೆದ ಚಿತ್ರಗಳಿವೆ. ಚೌಕಗಳೇ ಓರೆಯಾಗಿ ಬೀಳುತ್ತವೆ, ಸೆಂಟಿನೆಲ್‌ಗಳು ಪುಟದಿಂದ ಹೊರಗೆ ಕೈ ಚಾಚಿದ ಹಾಗಿರುತ್ತದೆ. ಸೆಂಟಿನೆಲ್ ಅಂದರೆ ಮ್ಯೂಟೆಂಟ್‌ಗಳನ್ನು ಬೇಟೆಯಾಡುವ ದೈತ್ಯ ರೋಬೋಟ್.

3. ಒಂದು ಅಗುಳು ಹಿಸುಕಿ ನೋಡಿ: 125ರಿಂದ 128

ದುಡ್ಡು ಹಾಕುವ ಮುಂಚೆ ಪರೀಕ್ಷೆ ಬೇಕು ಅನ್ನುವವರಿಗೆ ಇದು. ಆ್ಯಪ್‌ನಲ್ಲೋ ಗೆಳೆಯರ ಹತ್ತಿರವೋ ಈ ನಾಲ್ಕು ಸಂಚಿಕೆ ಓದಿ. ಸ್ಕಾಟ್ಲೆಂಡ್‌ನ ಒಂದು ದ್ವೀಪ. ಅಲ್ಲಿ ಒಬ್ಬ ತಾಯಿ, ವಿಜ್ಞಾನಿ, ತನ್ನ ಮಗನನ್ನೇ ಬಾಗಿಲು ಹಾಕಿ ಕೂಡಿಟ್ಟಿದ್ದಾಳೆ. ಅವನು ತಪ್ಪಿಸಿಕೊಳ್ಳುತ್ತಾನೆ. ಅವನಿಗೆ ಸ್ವಂತ ದೇಹ ಇಲ್ಲ, ಇನ್ನೊಬ್ಬರ ಮೈ ಹೊಕ್ಕು ಅದನ್ನು ಸುಟ್ಟು ಖಾಲಿ ಮಾಡುತ್ತಾನೆ. ಸುತ್ತಲಿನ ನಿಜವನ್ನೇ ಜೇಡಿಮಣ್ಣಿನ ಹಾಗೆ ತಿರುಚುತ್ತಾನೆ.

ಹೊಡೆದಾಟಕ್ಕಿಂತ ಅದರ ನಂತರದ ಭಾಗವನ್ನು ಗಮನಿಸಿ. ತಂಡದ ವುಲ್ವರಿನ್ ಮೈಯೆಲ್ಲ ಸರಿಯಾಗಿದೆ, ಆದರೆ ಒಳಗೆ ಮುರಿದಿದ್ದಾನೆ. ತನ್ನ ಇಂದ್ರಿಯಗಳನ್ನೇ ನಂಬಿ ಬದುಕಿದವನಿಗೆ ಅವೇ ಸುಳ್ಳು ಹೇಳಿವೆ. ಕೈ ನಡುಗುತ್ತದೆ. ಅದನ್ನು ನೋಡಿದ ಸೈಕ್ಲಾಪ್ಸ್ ಸಮಾಧಾನ ಹೇಳುವುದಿಲ್ಲ. ಬೇಕಂತಲೇ ಕೆಣಕಿ ಜಗಳ ತೆಗೆಯುತ್ತಾನೆ. ಸಿಟ್ಟು ಬಂದರೆ ಭಯ ಹೋಗುತ್ತದೆ ಅಂತ ಅವನ ಲೆಕ್ಕ. ನಾಯಕನಾಗುವುದು ಅಂದರೆ ಏನು ಅನ್ನುವುದನ್ನು ಎರಡು ಮೂರು ಪುಟದಲ್ಲಿ ತೋರಿಸಿದ್ದಾರೆ.

ಈ ಜಾಗ ನಿಮಗೆ ಹಿಡಿಸಿದರೆ ಇಡೀ ಸರಣಿ ಹಿಡಿಸುತ್ತದೆ. ಇಲ್ಲೂ ಆಕಳಿಕೆ ಬಂದರೆ ನಿಲ್ಲಿಸಿ. ತಪ್ಪೇನಿಲ್ಲ.

4. 1975ರಿಂದ ಸರಿಯಾಗಿ ಶುರು

'ಜೈಂಟ್-ಸೈಜ್ ಎಕ್ಸ್-ಮೆನ್ 1' ಮೊದಲ ಪುಸ್ತಕ. ಬರೆದವನು ಲೆನ್ ವೀನ್, ಚಿತ್ರ ಡೇವ್ ಕಾಕ್ರಮ್. ಹಳೆಯ ತಂಡ ಒಂದು ದ್ವೀಪದಲ್ಲಿ ಸಿಕ್ಕಿಬಿದ್ದಿದೆ, ಪ್ರೊಫೆಸರ್ ಊರೂರು ತಿರುಗಿ ಹೊಸಬರನ್ನು ಸೇರಿಸುತ್ತಾರೆ. ಕೀನ್ಯಾದಿಂದ ಸ್ಟಾರ್ಮ್, ಜರ್ಮನಿಯಿಂದ ನೈಟ್‌ಕ್ರಾಲರ್, ರಷ್ಯಾದ ಹೊಲದಿಂದ ಕೊಲಾಸಸ್, ಕೆನಡಾದಿಂದ ವುಲ್ವರಿನ್, ಜಪಾನಿನಿಂದ ಸನ್‌ಫೈರ್, ಐರ್ಲೆಂಡಿನ ಬ್ಯಾನ್‌ಶೀ, ಅಪಾಚೆ ಜನಾಂಗದ ಥಂಡರ್‌ಬರ್ಡ್. ಅಲ್ಲಿಂದ ನೇರ 94ನೇ ಸಂಚಿಕೆಗೆ ಬನ್ನಿ. ಕ್ಲೇರ್‌ಮಾಂಟ್ ಬರುವುದು ಅಲ್ಲಿ.

ಈಗ ಎಚ್ಚರಿಕೆಗಳು. 94ರಿಂದ 100ರವರೆಗೆ ಸ್ವಲ್ಪ ಏಳುಬೀಳು. ಬರಹಗಾರ ಇನ್ನೂ ದಾರಿ ಹುಡುಕುತ್ತಿದ್ದಾನೆ. ಸಹಿಸಿಕೊಳ್ಳಿ. 101ರಲ್ಲಿ ಜೀನ್ ಗ್ರೇ ನೀರಿನಿಂದ ಫೀನಿಕ್ಸ್ ಅನ್ನುವ ಅಪಾರ ಶಕ್ತಿಯವಳಾಗಿ ಎದ್ದು ಬರುತ್ತಾಳೆ, ಅಲ್ಲಿಂದ ಗಾಡಿ ಹಳಿ ಮೇಲೆ. 108ರಲ್ಲಿ ಜಾನ್ ಬರ್ನ್ ಬಂದ ಮೇಲೆ ಓಡುತ್ತದೆ.

ಮಾತು ಜಾಸ್ತಿ. ಪ್ರತಿ ಸಂಚಿಕೆಯಲ್ಲೂ ಪಾತ್ರಗಳು ತಾವು ಯಾರು, ತಮ್ಮ ಶಕ್ತಿ ಏನು ಅಂತ ಹೇಳಿಕೊಳ್ಳುತ್ತವೆ. ಯಕ್ಷಗಾನದಲ್ಲಿ ವೇಷ ರಂಗಕ್ಕೆ ಬಂದು ತನ್ನ ಪರಿಚಯ ತಾನೇ ಹೇಳಿಕೊಂಡ ಹಾಗೆ. ಯಾರಾದರೂ ಇದೇ ಸಂಚಿಕೆಯನ್ನು ಮೊದಲ ಸಲ ಕೈಗೆತ್ತಿಕೊಂಡಿರಬಹುದು ಅಂತ ಹಾಗೆ ಬರೆಯುತ್ತಿದ್ದರು. ಪುಸ್ತಕ ಮೊದಮೊದಲು ಬರುತ್ತಿದ್ದದ್ದೂ ಎರಡು ತಿಂಗಳಿಗೊಮ್ಮೆ, ಅಷ್ಟರಲ್ಲಿ ಓದುಗನಿಗೆ ಮರೆತಿರುತ್ತಿತ್ತು. ಒಟ್ಟಿಗೆ ಓದುವ ನಮಗೆ ಅದು ಕಿರಿಕಿರಿ. ಒಂದು ಉಪಾಯ: ಎರಡು ಮೂರು ಸಂಚಿಕೆ ಆದ ಮೇಲೆ ಆ ಪರಿಚಯದ ಡಬ್ಬಿಗಳ ಮೇಲೆ ಕಣ್ಣು ಜಾರಿಸಿ ಮುಂದೆ ಹೋಗಿ. ಆದರೆ ಪಾತ್ರ ಒಂಟಿಯಾಗಿರುವಾಗಿನ ಮಾತನ್ನು ಬಿಡಬೇಡಿ, ಸರಕು ಇರುವುದು ಅಲ್ಲಿ.

ಇಂಗ್ಲಿಷ್ ಕಷ್ಟ ಅನ್ನುವವರಿಗೆ: ಭಾಷೆ ಕಷ್ಟವಲ್ಲ, ಸ್ಪೆಲ್ಲಿಂಗ್ ವಿಚಿತ್ರ. ವುಲ್ವರಿನ್, ಬ್ಯಾನ್‌ಶೀ ಇವರ ಉಚ್ಚಾರವನ್ನು ಕೇಳಿದ ಹಾಗೇ ಬರೆದಿದ್ದಾರೆ. ಅರ್ಥವಾಗದಿದ್ದರೆ ಜೋರಾಗಿ ಓದಿ, ಕಿವಿಗೆ ಗೊತ್ತಾಗುತ್ತದೆ. ಕೊಲಾಸಸ್ ರಷ್ಯನ್ ಪದ, ನೈಟ್‌ಕ್ರಾಲರ್ ಜರ್ಮನ್ ಪದ ನಡುನಡುವೆ ಹಾಕುತ್ತಾರೆ. ಅದಕ್ಕೆ ನಿಘಂಟು ತೆಗೆಯುವ ಅಗತ್ಯವಿಲ್ಲ.

ಸಿನಿಮಾದ ವುಲ್ವರಿನ್‌ನನ್ನು ಮರೆಯಿರಿ. ಇಲ್ಲಿ ಅವನು ಐದು ಅಡಿ ಮೂರು ಇಂಚಿನ ಕುಳ್ಳ. ಕಥೆಯೂ ಅವನ ಸುತ್ತ ಸುತ್ತುವುದಿಲ್ಲ. ನನ್ನನ್ನು ಕೇಳಿದರೆ ಈ ಕಾಲದ ನಿಜವಾದ ಹೀರೋ ಸ್ಟಾರ್ಮ್. ಗಾಳಿ ಮಳೆ ಆಳುವ, ತನ್ನ ನಾಡಿನಲ್ಲಿ ದೇವತೆ ಅನಿಸಿಕೊಂಡವಳಿಗೆ ಮುಚ್ಚಿದ ಕೋಣೆ ಅಂದರೆ ಜೀವ ಹೋಗುವಷ್ಟು ಭಯ. 102ನೇ ಸಂಚಿಕೆಯಲ್ಲಿ ಕಾರಣ ಗೊತ್ತಾಗುತ್ತದೆ: ಕೈರೋದಲ್ಲಿ ಮನೆ ಕುಸಿದು, ಪುಟ್ಟ ಹುಡುಗಿಯಾಗಿದ್ದ ಅವಳು ತಾಯಿಯ ಹೆಣದ ಪಕ್ಕ ಅವಶೇಷದಡಿ ಸಿಕ್ಕಿಕೊಂಡಿದ್ದಳು. ಹೊರಗೆ ಯುದ್ಧ ನಡೆಯುತ್ತಿದೆ, ತಂಡಕ್ಕೆ ಅವಳು ಬೇಕು, ಅವಳು ಮಾತ್ರ ಆ ಮಣ್ಣಿನಡಿಯಲ್ಲೇ ಇದ್ದಾಳೆ.

5. 129ರಿಂದ 137: ನಿಧಾನಕ್ಕೆ ಓದಿ

ಇದು ಡಾರ್ಕ್ ಫೀನಿಕ್ಸ್ ಕಥೆ. 1980ರದ್ದು. ಸಿನಿಮಾದಲ್ಲಿ ಎರಡು ಸಲ ಪ್ರಯತ್ನ ಮಾಡಿ ಎರಡು ಸಲವೂ ಸೊರಗಿತು. ಕಾರಣ ಸರಳ. ಇಲ್ಲಿ ಜೀನ್ ಬದಲಾಗುವುದಕ್ಕೆ ಮೂವತ್ತಕ್ಕೂ ಹೆಚ್ಚು ಸಂಚಿಕೆ ಹಿಡಿಯುತ್ತದೆ, ಎರಡು ಗಂಟೆಯಲ್ಲಿ ಅದು ಆಗುವ ಕೆಲಸವಲ್ಲ. ಹಾಗಾಗಿ ಈ ಒಂಬತ್ತನ್ನು ಮಾತ್ರ ಕೊಂಡು ಓದುವವರಿಗೆ ಅರ್ಧ ಪೆಟ್ಟು ಮಾತ್ರ ತಾಗುತ್ತದೆ.

132ರ ಕೊನೆಯ ಚಿತ್ರದಲ್ಲಿ ನಿಲ್ಲಿ. ತಂಡ ಸೋತಿದೆ, ಎಲ್ಲರೂ ಸೆರೆ. ವುಲ್ವರಿನ್ ನೆಲ ಒಡೆದು ಕೆಳಗೆ ಬಿದ್ದಿದ್ದಾನೆ, ಸತ್ತ ಅಂತ ಶತ್ರುಗಳು ಕೈತೊಳೆದುಕೊಂಡಿದ್ದಾರೆ. ಕತ್ತಲೆ ಚರಂಡಿ, ಮೈಯಿಂದ ಸುರಿಯುವ ನೀರು, ಮೇಲಕ್ಕೆ ನೆಟ್ಟ ಮುಖ. ಈಗ ನನ್ನ ಸರದಿ ಅನ್ನುವ ಅರ್ಥದ ಒಂದು ಮಾತು. ಅಂದಿನ ಓದುಗರು ಮುಂದಿನದಕ್ಕೆ ಒಂದು ತಿಂಗಳು ಕಾದರು. ನೀವು ಕನಿಷ್ಠ ಒಂದು ರಾತ್ರಿ ಕಾಯಿರಿ. ನಿಜವಾಗಿ ಹೇಳುತ್ತೇನೆ, ಪುಸ್ತಕ ಮುಚ್ಚಿಡಿ.

135ರಲ್ಲಿ ಹಸಿದ ಫೀನಿಕ್ಸ್ ಒಂದು ನಕ್ಷತ್ರವನ್ನೇ ನುಂಗುತ್ತಾಳೆ. ಅದನ್ನು ಸುತ್ತುತ್ತಿದ್ದ ಗ್ರಹದಲ್ಲಿ 500 ಕೋಟಿ ಜೀವಗಳು. ಬರ್ನ್ ಆ ಗ್ರಹದ ಬೀದಿಯಲ್ಲಿ ನಿಂತು ಆಕಾಶ ನೋಡುವ ಜನರನ್ನೂ ಬರೆದುಬಿಟ್ಟ. ಕಥೆಯ ಹಣೆಬರಹ ಬದಲಿಸಿದ್ದು ಈ ಕೆಲವು ಚೌಕಗಳು. ಮೊದಲು ಬರೆದ ಅಂತ್ಯದಲ್ಲಿ ಜೀನ್ ಶಕ್ತಿ ಕಳೆದುಕೊಂಡು ಮನೆಗೆ ಮರಳುತ್ತಿದ್ದಳು. ಪ್ರಧಾನ ಸಂಪಾದಕ ಜಿಮ್ ಶೂಟರ್ ಒಪ್ಪಲಿಲ್ಲ. ಅಷ್ಟು ಜೀವ ತೆಗೆದವಳು ಬೆಲೆ ಕೊಡದೆ ಹೋಗುವ ಹಾಗಿಲ್ಲ ಅಂದ. ಚಿತ್ರ ಬರೆದು ಮುಗಿದಿದ್ದ 137ರ ಕೊನೆಯನ್ನು ಬದಲಿಸಿದರು, ಜೀನ್ ಚಂದ್ರನ ಮೇಲೆ ಸಾಯುತ್ತಾಳೆ. ಹಳೆಯ ಅಂತ್ಯವನ್ನು 1984ರಲ್ಲಿ ಬೇರೆಯಾಗಿ ಅಚ್ಚು ಹಾಕಿದರು. ಎರಡನ್ನೂ ಓದಿ ನೋಡಿದ್ದೇನೆ. ಶೂಟರ್ ಹೇಳಿದ್ದೇ ಸರಿ.

6. 138ರಿಂದ 143, ಆಮೇಲೆ ಬ್ರೇಕ್

138 ವಿಚಿತ್ರವಾಗಿ ಉಪಯೋಗಕ್ಕೆ ಬರುತ್ತದೆ. ಅಂತ್ಯಕ್ರಿಯೆಯಲ್ಲಿ ನಿಂತ ಸೈಕ್ಲಾಪ್ಸ್ ಮೊದಲ ಸಂಚಿಕೆಯಿಂದ ಇಲ್ಲಿಯವರೆಗಿನ ಎಲ್ಲವನ್ನೂ ನೆನಪಿಸಿಕೊಳ್ಳುತ್ತಾನೆ. ನೀವು ಬಿಟ್ಟ 1963ರ ಕಥೆಯೆಲ್ಲ ಸಂಕ್ಷಿಪ್ತವಾಗಿ ಇಲ್ಲೇ ಸಿಗುತ್ತದೆ. ನಾನು ಅಲ್ಲಿಗೆ ಹೋಗಬೇಡಿ ಅಂದಿದ್ದು ಇದೇ ಧೈರ್ಯದಿಂದ.

141 ಮತ್ತು 142 'ಡೇಸ್ ಆಫ್ ಫ್ಯೂಚರ್ ಪಾಸ್ಟ್'. ಇಷ್ಟು ಹೆಸರು ಮಾಡಿದ ಕಥೆ ಬರೀ ಎರಡೇ ಸಂಚಿಕೆ ಅಂದರೆ ನಂಬುವುದಿಲ್ಲ. 141ರ ಮುಖಪುಟವನ್ನೇ ನೋಡಿ: ಗೋಡೆಗೆ ಬೆನ್ನು ಕೊಟ್ಟು ನಿಂತ ನರೆತ ವುಲ್ವರಿನ್, ಅವನ ಹಿಂದೆ ಒಂದು ಪೋಸ್ಟರ್, ಅದರಲ್ಲಿ ನಾವು ಇಷ್ಟು ದಿನ ಪ್ರೀತಿಸಿದವರ ಮುಖಗಳು, ಒಂದೊಂದರ ಮೇಲೂ 'ಕೊಲ್ಲಲಾಗಿದೆ', 'ಸೆರೆ' ಅಂತ ಪಟ್ಟಿ. ಸಿನಿಮಾದಲ್ಲಿ ಹಿಂದಿನ ಕಾಲಕ್ಕೆ ಹೋಗುವವನು ವುಲ್ವರಿನ್. ಇಲ್ಲಿ ಹೋಗುವವಳು ಕಿಟ್ಟಿ ಪ್ರೈಡ್, ತಂಡಕ್ಕೆ ಈಗಷ್ಟೇ ಸೇರಿದ ಹದಿಮೂರರ ಹುಡುಗಿ. ಕಥೆಯ ಆ ಭೀಕರ ಭವಿಷ್ಯ 2013ನೇ ಇಸವಿ. ನಮಗೆ ಅದೂ ಹಿಂದೆ ಸರಿದಿದೆ.

143 ಕ್ರಿಸ್‌ಮಸ್ ಹಿಂದಿನ ರಾತ್ರಿ ಖಾಲಿ ಬಂಗಲೆಯಲ್ಲಿ ಕಿಟ್ಟಿ ಒಬ್ಬಳೇ, ಜೊತೆಗೆ ಒಂದು ಪಿಶಾಚಿ. ಬರ್ನ್‌ನ ಕೊನೆಯ ಸಂಚಿಕೆ. ಇಲ್ಲಿಗೆ ನಮ್ಮ 51 ಮುಗಿಯಿತು. ಒಂದು ತಿಂಗಳು ಬೇರೆ ಏನಾದರೂ ಓದಿ.

7. ಇನ್ನೂ ಬೇಕು ಅನ್ನುವವರಿಗೆ

150ನೇ ಸಂಚಿಕೆ ಓದಿ. ಇಲ್ಲಿ ಮ್ಯಾಗ್ನೀಟೊ ಕಿಟ್ಟಿಯನ್ನು ಕೊಂದೆ ಅಂದುಕೊಂಡು, ಕಾಲ ಬಳಿ ಬಿದ್ದ ಮಗುವನ್ನು ನೋಡಿ ನಿಲ್ಲುತ್ತಾನೆ. ಆಶ್ವಿಟ್ಜ್‌ನ ನಾಜಿ ಸಾವಿನ ಶಿಬಿರದಲ್ಲಿ ಬೆಳೆದವನು ತಾನು ಏನಾಗಿದ್ದೇನೆ ಅಂತ ಕೇಳಿಕೊಳ್ಳುತ್ತಾನೆ. ಗುಡುಗುವ ಖಳ ಮನುಷ್ಯನಾದದ್ದು ಇಲ್ಲಿಂದ. ಆಮೇಲೆ 1982ರ 'ಗಾಡ್ ಲವ್ಸ್, ಮ್ಯಾನ್ ಕಿಲ್ಸ್', ಬಿಡಿಯಾಗಿ ಓದಬಹುದಾದ ಪುಸ್ತಕ. ಹೆಚ್ಚಾಗಿ ಪಾಲ್ ಸ್ಮಿತ್ ಚಿತ್ರವಿರುವ 168ರಿಂದ 175. ಸ್ಟಾರ್ಮ್ ಶಕ್ತಿ ಕಳೆದುಕೊಂಡ ಮೇಲಿನ 186. ಸಾಕು. 1986ರ 'ಮ್ಯೂಟೆಂಟ್ ಮ್ಯಾಸಕರ್' ಹೊತ್ತಿಗೆ ಕ್ರಾಸ್‌ಓವರ್ ಕಾಟ ಶುರುವಾಗುತ್ತದೆ, ಒಂದು ಪುಸ್ತಕ ಓದಲು ಮೂರು ಪುಸ್ತಕ ತೆರೆದಿಡಬೇಕು.

ಮಕ್ಕಳಿಗೆ ಕೊಡುವವರು ಇದನ್ನು ಓದಿ

ಹನ್ನೆರಡು ದಾಟಿದವರಿಗೆ ಈ 51 ಧಾರಾಳವಾಗಿ ಕೊಡಬಹುದು. 'ಗಾಡ್ ಲವ್ಸ್' ಮಾತ್ರ ಮೊದಲು ನೀವು ಓದಿ, ಮೊದಲ ಪುಟಗಳಲ್ಲೇ ಎರಡು ಮಕ್ಕಳ ಕೊಲೆ ಇದೆ. ಕೆಲವು ವಿಷಯ ಈಗ ಮುಜುಗರ ತರುತ್ತವೆ. ಥಂಡರ್‌ಬರ್ಡ್‌ನನ್ನು ಸದಾ ಸಿಡುಕುವ ಆದಿವಾಸಿಯ ಅಚ್ಚಿನಲ್ಲಿ ಎರಕ ಹೊಯ್ದು, ಮೂರನೇ ಸಂಚಿಕೆಗೇ ಸಾಯಿಸುತ್ತಾರೆ. ಹೆಂಗಸರ ಮನಸ್ಸನ್ನು ಯಾರೋ ವಶ ಮಾಡಿಕೊಳ್ಳುವ ಕಥೆ ಪದೇ ಪದೇ ಬರುತ್ತದೆ. ಕಿಟ್ಟಿಗೂ ಅವಳಿಗಿಂತ ಎಷ್ಟೋ ದೊಡ್ಡವನಾದ ಕೊಲಾಸಸ್‌ಗೂ ನಡುವಿನ ಪ್ರೀತಿಯನ್ನು ನಾನಂತೂ ಒಪ್ಪಲಾರೆ.

ಮ್ಯೂಟೆಂಟ್ ಅಂದರೆ ತುಳಿತಕ್ಕೊಳಗಾದವರ ರೂಪಕ ಅಂತ ಎಲ್ಲರೂ ಹೇಳುತ್ತಾರೆ. ನಿಜ, ಆದರೆ ತೀರಾ ಎಳೆಯಬೇಡಿ. ಕಣ್ಣು ತೆರೆದರೆ ಗೋಡೆ ಒಡೆಯುವವನನ್ನು ಕಂಡು ಪಕ್ಕದ ಮನೆಯವರು ಹೆದರಿದರೆ ಅದರಲ್ಲಿ ಸ್ವಲ್ಪ ನ್ಯಾಯ ಇದೆ. ಜಾತಿ, ಬಣ್ಣ ನೋಡಿ ಹೆದರುವುದರಲ್ಲಿ ಅದೂ ಇಲ್ಲ. ಮಕ್ಕಳು ಕೇಳಿದರೆ ಈ ವ್ಯತ್ಯಾಸ ಹೇಳಿ.

ಇನ್ನು ಎಲ್ಲರೂ ಕೊನೆಗೆ ಕೇಳುವ ಪ್ರಶ್ನೆ: ಜೀನ್ ವಾಪಸ್ ಬರುತ್ತಾಳಂತಲ್ಲ? ಬರುತ್ತಾಳೆ. ಕವರ್ ಮೇಲೆ 1986ರ ತಾರೀಖಿದೆ, ಕಾರಣವನ್ನು ಮೂರು ಪುಸ್ತಕಗಳಲ್ಲಿ ಹೆಣೆದು ಹೇಳಿದ್ದಾರೆ, ಸತ್ತವಳು ಅವಳೇ ಅಲ್ಲ ಅಂತ. ನಾನು ಅದನ್ನು ಒಂದು ಸಲ ಓದಿ ಪಕ್ಕಕ್ಕಿಟ್ಟಿದ್ದೇನೆ. 137ನ್ನು ಮಾತ್ರ ವರ್ಷಕ್ಕೊಮ್ಮೆ ತೆಗೆಯುತ್ತೇನೆ. ನನ್ನ ಕಪಾಟಿನಲ್ಲಿ ಅವಳು ಚಂದ್ರನ ಮೇಲೇ ಸತ್ತಿದ್ದಾಳೆ.